ಚಿನ್ನದ ದನಿ

ಮಾವಿಸ್ ಆ ಭಾನುವಾರ ಬೆಳಿಗ್ಗೆ ಹಣ್ಣಿನ ಪೈ ಮಾಡಲು ಹಿಟ್ಟು ಕಲಸದೇ ಇದ್ದಿದ್ದರೆ ಅವಳ ಗಂಡ ನೆವಿಲ್‌ಗೆ ಈ ಫಜೀತಿ ಬರುತ್ತಲೇ ಇರಲಿಲ್ಲ. ಹಿಟ್ಟಿಗೆ ಕೈ ಹಾಕುವ ಮುಂಚೆ ಮದುವೆಯ ಉಂಗುರ ತೆಗೆದು ಕಿಟಕಿಯ ಪಕ್ಕದ ಪುಟ್ಟ ತಟ್ಟೆಯಲ್ಲಿ ಇಡುವುದು ಅವಳ ಮೂವತ್ತು ವರ್ಷದ ಪದ್ಧತಿ. ನೆವಿಲ್ ಕಾದದ್ದೂ ಅದಕ್ಕೇ. ತೋಟದ ಕಡೆಯಿಂದ ಬಂದು, ತೆರೆದ ಕಿಟಕಿಯೊಳಗೆ ಕೈ ತೂರಿಸಿ, ತಟ್ಟೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಟ್ಟಿನ ಸಮೇತ ಬಾಚಿ ಕೈಗವಸಿನೊಳಗೆ ಹಾಕಿಕೊಂಡ. ಸಿಕ್ಕಿಬಿದ್ದೇನು ಎಂಬ ಗಡಿಬಿಡಿಯಲ್ಲಿ ಕನ್ನಡಕ ಹಾಕಿಕೊಳ್ಳುವುದೂ ಮರೆತುಹೋಯಿತು.

ಕಳ್ಳತನ ಮಾಡುವ ಜಾಯಮಾನದವನಲ್ಲ ಪಾಪ. ನೆಲದೊಳಗಿನ ಲೋಹ ಪತ್ತೆ ಮಾಡುವ ಹೊಸ ಮೆಷಿನ್ ಕೊಂಡಿದ್ದ. ಅದು ಒಂದೊಂದು ಲೋಹಕ್ಕೆ ಒಂದೊಂದು ದನಿ ಹೊರಡಿಸುತ್ತದೆ, ಒಂದೊಂದು ಅಂಕಿ ತೋರಿಸುತ್ತದೆ. ಚಿನ್ನದ ದನಿ ಕಲಿಯಬೇಕಾದರೆ ಒಂದು ಚೂರು ಚಿನ್ನ ಹೂತು, ಮೇಲೆ ಮೆಷಿನ್ ಆಡಿಸಿ ಕಿವಿ ಪಳಗಿಸಿಕೊಳ್ಳಬೇಕು. ಈ ಹುಚ್ಚಿರುವವರೆಲ್ಲ ಮಾಡುವುದು ಹೀಗೆಯೇ. ಆದರೆ ಹೆಂಡತಿಯ ಅಜ್ಜಿಯ ಕಾಲದ ಉಂಗುರವನ್ನು ಹೂಳುವ ಧೈರ್ಯ ಇಡೀ ಲಿಂಕನ್‌ಶೈರ್ ಜಿಲ್ಲೆಯಲ್ಲಿ ಇನ್ನಾರಿಗೂ ಬಂದಿರಲಿಕ್ಕಿಲ್ಲ. ಅದೂ ಮದುವೆಯ ಮೂವತ್ತನೇ ವಾರ್ಷಿಕದ ದಿನ! ಸಂಜೆ ನಾಲ್ಕಕ್ಕೆ ಅತ್ತೆ ಚಹಾಕ್ಕೆ ಬರುವವರಿದ್ದರು. ಪ್ರತಿ ಸಲವೂ ಬಂದವರು ಕೂರುವ ಮೊದಲೇ ಮಗಳ ಕೈ ಹಿಡಿದು ಉಂಗುರ ನೋಡುತ್ತಿದ್ದರು.

"ಅರ್ಧ ಗಂಟೆ ಕೆಲಸ. ತಟ್ಟೆಗೆ ವಾಪಸ್ ಹಾಕಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?" ಎಂದುಕೊಂಡು ಅವನು ಹಿಲ್ಡಾಳ ಹುಲ್ಲುಗಾವಲಿಗೆ ಹೋದ.

ಆ ಹುಲ್ಲುಗಾವಲು ನೆವಿಲ್‌ನ ಎರಡು ವರ್ಷದ ತಪಸ್ಸು. ಲೈಬ್ರರಿಯಲ್ಲಿ ಕೂತು, ನೂರ ನಲವತ್ತು ವರ್ಷ ಹಿಂದಿನ ಸರ್ವೆ ನಕ್ಷೆಗಳನ್ನು ಭೂತಗನ್ನಡಿಯಲ್ಲಿ ಜಾಲಾಡಿ, ನಾಲ್ಕು ಕಾಲುದಾರಿ ಕೂಡುವ ಜಾಗದಲ್ಲಿ ಒಂದು ಕಪ್ಪು ಚೌಕ ಕಂಡುಹಿಡಿದಿದ್ದ. ಅದು ಹೆಂಡದಂಗಡಿ. ಪಕ್ಕದಲ್ಲೇ ಲಾಳ ಹೊಡೆಯುವ ಕುಲುಮೆ. ಇವತ್ತಿನ ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ, ಬರೀ ಹಸಿರು. ಕುಡಿದವರು ಕಾಸು ಬೀಳಿಸದೆ ಮನೆಗೆ ಹೋಗುತ್ತಾರೆಯೇ? ಹೊಲದೊಡತಿ ಹಿಲ್ಡಾಗೆ ಮೂರು ಡಬ್ಬ ಬಿಸ್ಕತ್ತು ಕೊಟ್ಟು ಅಗೆಯುವ ಅಪ್ಪಣೆಯನ್ನೂ ಪಡೆದಿದ್ದ. ತನ್ನಂತೆ ಮೆಷಿನ್ ಹುಚ್ಚಿರುವ ಕ್ಲಬ್ಬಿನವರಿಗೆ ಮಾತ್ರ ಜಾಗದ ಸುಳಿವು ಕೊಟ್ಟಿರಲಿಲ್ಲ.

ಉಂಗುರವನ್ನು ಗೇಣುದ್ದ ಆಳಕ್ಕೆ ಹೂತು, ಗುರುತಿಗೆ ಒಂದು ಕೋಲು ನೆಟ್ಟು, ಮೆಷಿನ್ ಆಡಿಸಿದ. ದುಂಡನೆಯ ದನಿ. ಅಂಕಿ ಅರವತ್ತೆರಡು. "ಆಹಾ, ಇದಪ್ಪಾ ಚಿನ್ನ!" ಎಂದು ಇಪ್ಪತ್ತು ಸಲ ಕೇಳಿ ಬಾಯಿಪಾಠ ಮಾಡಿಕೊಂಡ. ಆಮೇಲೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳಲು ಆ ಕಡೆ ತಿರುಗಿದ. ಈ ಕಡೆ ತಿರುಗಿದಾಗ ಹಿಲ್ಡಾಳ ನಾಯಿ ಮಫಿನ್ ಬಾಲ ಅಲ್ಲಾಡಿಸುತ್ತ ಎದುರಿಗೆ ನಿಂತಿತ್ತು. ಅದರ ಬಾಯಲ್ಲಿ ಕೋಲು.

"ಅಯ್ಯೋ ಮುಂಡೇದೇ, ಎಲ್ಲಿಂದ ಕಿತ್ತೆ ಹೇಳು!"

ಮಫಿನ್ ಕೋಲನ್ನು ಕಾಲ ಬಳಿ ಹಾಕಿ, ಎಸೆಯಲಿ ಎಂದು ಕಾದಿತು.

ಹುಲ್ಲೆಲ್ಲ ಒಂದೇ ಥರ. ಮೆಷಿನ್ ಆಡಿಸಿದರೆ ಹೆಜ್ಜೆಗೊಂದು ಕಿರುಚಾಟ. ಕುಲುಮೆಯವನು ನೂರು ವರ್ಷ ಉದುರಿಸಿದ ಲಾಳದ ಮೊಳೆಗಳು! ಎರಡು ವರ್ಷ ಓದಿ ಹುಡುಕಿದ ಕುಲುಮೆ ಈಗ ಅವನಿಗೇ ಮುಳುವಾಯಿತು. ಮುಳ್ಳುಗಿಡದ ಬುಡದಲ್ಲಿ ಮಾತ್ರ ಬೇರೊಂದು ಸಣ್ಣ ದನಿ, ಅಂಕಿ ನಲವತ್ತೆಂಟು. "ಥೂ, ಯಾವುದೋ ತಗಡು" ಎಂದು ನಾಲ್ಕು ಸಲ ದಾಟಿ ಹೋದ. ಹನ್ನೆರಡು ಗಂಟೆಯಾದರೂ ಅರವತ್ತೆರಡು ಕಾಣಲಿಲ್ಲ. ಅಂಗಿ ಬೆವರಿಗೆ ಬೆನ್ನಿಗಂಟಿತು. ಮಂಡಿಯೂರಿ ಕೈಯಲ್ಲೇ ಹುಲ್ಲು ಕೆದಕತೊಡಗಿದ.

"ಏನೋ ಸಿಕ್ಕಂಗಿದೆ ನಮ್ ನೆವಿಲ್‌ಗೆ!"

ಬೇಲಿಯ ಮೇಲೆ ಕ್ಲಬ್ಬಿನ ರಾಡ್ನಿಯ ಮುಖ. ಆರು ತಿಂಗಳಿಂದ ಇವನ ಕಾರು ಎಲ್ಲಿ ನಿಲ್ಲುತ್ತದೆಂದು ಮೂಸುತ್ತಿದ್ದ ಆಸಾಮಿ. ಹಿಂದೆ ಇನ್ನೂ ಐದು ಜನ, ಹೆಗಲ ಮೇಲೆ ಐದು ಮೆಷಿನ್.

"ಏನೂ ಸಿಕ್ಕಿಲ್ಲ ಮಾರಾಯ, ಹೋಗು."

"ಏನೂ ಸಿಗದೋನು ಮಂಡಿ ಊರಿ ಅಳ್ತಾನೇನೋ?"

ಅಷ್ಟು ಕೇಳಿದ್ದೇ ತಡ, ನೆವಿಲ್ ನಿಜವಾಗಿಯೂ ಅತ್ತುಬಿಟ್ಟ. ಎಲ್ಲ ಹೇಳಿಬಿಟ್ಟ. ರಾಡ್ನಿಗೆ ಗೊತ್ತಾದದ್ದು ಅವನ ಹೆಂಡತಿಗೆ ಗೊತ್ತಾಗುತ್ತದೆ, ಅವಳು ಚರ್ಚಿನಲ್ಲಿ ಮಾವಿಸ್‌ಳ ಪಕ್ಕ ನಿಂತು ಹಾಡುವವಳು ಎಂಬುದು ಹೇಳಿ ಮುಗಿಸಿದ ಮೇಲೆ ಹೊಳೆಯಿತು.

"ಅಲ್ವೋ, ಹೆಂಡ್ತಿ ಉಂಗುರಾನ ಹೂಳ್ತಾರೇನೋ ಯಾರಾದ್ರೂ!" ರಾಡ್ನಿ ನಗು ತಡೆದುಕೊಂಡ. "ಸರಿ, ಆರು ಜನ ಇದೀವಿ, ಹುಡುಕಿ ಕೊಡ್ತೀವಿ. ಬಾಯೂ ಮುಚ್ಕೊಂಡಿರ್ತೀವಿ. ಆದ್ರೆ ಕ್ಲಬ್ಬಿನ ರೂಲ್ ಇದೆಯಲ್ಲ, ಹೊಲ ಹುಡುಕಿದೋನಿಗೂ ಒಂದು ಪಾಲು ಅಂತ... ಅದನ್ನ ಬಿಟ್ಕೊಡು."

"ಎರಡು ವರ್ಷ ನಕ್ಷೆ ನೋಡಿ ಕಣ್ಣು ಕಳ್ಕೊಂಡಿದೀನಿ ಕಣೋ!"

"ನಾಲ್ಕು ಗಂಟೆಗೆ ಅತ್ತೆ ಬರ್ತಾರೆ ಅಂದ್ಯಲ್ಲ?"

ನೆವಿಲ್ ಜೇಬಿನಿಂದ ಪೆನ್ನು ತೆಗೆದುಕೊಟ್ಟ. ಅವನದೇ ಹಳೆ ನಕ್ಷೆಯ ಪ್ರತಿಯ ಬೆನ್ನ ಮೇಲೆ ರಾಡ್ನಿ ಬರೆದ: ಉಂಗುರ ನೆವಿಲ್‌ನದು, ಈ ಹೊಲದಲ್ಲಿ ಬೇರೆ ಏನು ಸಿಕ್ಕರೂ ನೆವಿಲ್‌ಗೆ ಪಾಲಿಲ್ಲ. ನೆವಿಲ್ ಸಹಿ ಹಾಕಿದ. ಗಲಾಟೆ ಕೇಳಿ ಬಂದ ಹಿಲ್ಡಾ ಸಾಕ್ಷಿ ಹಾಕಿದಳು. "ಹೊಲದೋರ ಪಾಲು ಅರ್ಧ ನನಗೆ ಬರುತ್ತೆ ತಾನೇ? ಹಂಗಾದ್ರೆ ನೀವು ಏನಾದ್ರೂ ಮಾಡ್ಕೊಳ್ಳಿ ಕಣ್ರಪ್ಪಾ" ಎಂದಳು.

ಮೂರು ಗಂಟೆಯ ಹೊತ್ತಿಗೆ ಹುಲ್ಲುಗಾವಲು ಹೆಗ್ಗಣ ಹೊಕ್ಕ ಹಿತ್ತಲಿನಂತಾಗಿತ್ತು. ಸಿಕ್ಕಿದ್ದು ಮೊಳೆ, ಲಾಳ, ಮತ್ತೆ ಮೊಳೆ. ನೆವಿಲ್ ಗಡಿಯಾರ ನೋಡುತ್ತಿದ್ದ, ಮಫಿನ್ ಅವನನ್ನು ನೋಡುತ್ತಿತ್ತು. ಮೂರೂಕಾಲಿಗೆ ರಾಡ್ನಿ ಕೂಗಿದ: "ಅರವತ್ತೆರಡು!"

ಮಣ್ಣುಂಡೆಯೊಳಗೆ ಒಂದು ಉಂಗುರ ಹಳದಿಯಾಗಿ ಮಿಂಚಿತು. ನೆವಿಲ್ ಅದನ್ನು ಕಸಿದುಕೊಂಡು, ಮಣ್ಣಿನ ಸಮೇತ ಮುತ್ತಿಟ್ಟು, ಜೇಬಿಗೆ ಹಾಕಿ, ಮೆಷಿನ್ ಎತ್ತಿಕೊಂಡು ಕಾರಿಗೆ ಓಡಿದ. ಬೀಗದ ಕೈ ತಿರುಗಿಸುವಷ್ಟರಲ್ಲಿ ಹಿಂದೆ ಹೋ ಎಂಬ ಕಿರುಚಾಟ ಎದ್ದಿತು. ಮುಳ್ಳುಗಿಡದ ಬುಡದಲ್ಲಿ ಆರೂ ಜನ ಕುಣಿಯುತ್ತಿದ್ದರು. ಹಿಲ್ಡಾ ಅವರ ನಡುವೆ ಸೆರಗಿನಂತೆ ಏಪ್ರನ್ ಒಡ್ಡಿ ನಿಂತಿದ್ದಳು. ರಾಡ್ನಿಯ ಕೈಯಲ್ಲಿ ಒಡೆದ ಮಣ್ಣಿನ ಹೂಜಿ, ಅದರಿಂದ ಚಿನ್ನದ ನಾಣ್ಯ ಉದುರುತ್ತಿತ್ತು.

ನೆವಿಲ್ ಕಾರಿನ ಕಿಟಕಿಯಿಂದ ಕತ್ತು ಚಾಚಿ ನೋಡಿದ. ನಾಲ್ಕು ಸಲ ದಾಟಿದ್ದ ಜಾಗ! ಕಣ್ಣು ಒರೆಸಿಕೊಂಡು ಕಾರು ಬಿಟ್ಟ. ಹೋಗಲಿ, ಸಂಸಾರವಾದರೂ ಉಳಿಯಿತಲ್ಲ ಎಂದು ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡ.

ಮನೆಯಲ್ಲಿ ಅತ್ತೆ ಆಗಲೇ ಬಂದು ಕೂತಿದ್ದರು. ಮಗಳ ಕೈ ಅವರ ಕೈಯಲ್ಲಿತ್ತು. ಮಗಳ ಬೆರಳಲ್ಲಿ ಉಂಗುರವಿತ್ತು.

ನೆವಿಲ್ ಹೆಗಲ ಮೇಲಿನ ಮೆಷಿನ್ ಸಮೇತ ಬಾಗಿಲಲ್ಲೇ ನಿಂತ. ಮಾವಿಸ್ ಎದ್ದು ಬಂದು ಅವನನ್ನು ಅಡುಗೆಮನೆಗೆ ಎಳೆದುಕೊಂಡಳು.

"ರೀ, ನನ್ನ ಪರದೆ ಸಿಕ್ಕಿಸೋ ಬಳೆ ಎಲ್ಲಿ? ಸ್ನಾನದ ಮನೆ ಪರದೆ ಬೆಳಿಗ್ಗೆಯಿಂದ ಜೋತು ಬಿದ್ದಿದೆ."

"ಪರದೆ... ಬಳೆ?"

"ಹಿತ್ತಾಳೇದು. ಹೋದ ತಿಂಗಳು ಬೆಳ್ಳಿ ಚಮಚ ಎರಡು ಹೂಳೋಕೆ ತಗೊಂಡು ಹೋದೋರು ವಾಪಸ್ ತಂದ್ರಾ? ಅವತ್ತಿಂದ ಉಂಗುರಾನ ಬ್ರೆಡ್ ಡಬ್ಬದಲ್ಲಿ ಇಡ್ತೀನಿ. ಹಿಟ್ಟು ಕಲಸೋ ಹೊತ್ತಿಗೆ ತಟ್ಟೇಲಿ ಒಂದು ಪರದೆ ಬಳೆ ಬಿಚ್ಚಿ ಹಾಕಿರ್ತೀನಿ. ಮೂವತ್ತು ವರ್ಷ ಬಾಳಿದೀನಿ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ?"

ನೆವಿಲ್ ಜೇಬಿನಿಂದ ತೆಗೆದು, ನಲ್ಲಿಯಲ್ಲಿ ತೊಳೆದು, ಕನ್ನಡಕ ಹಾಕಿಕೊಂಡು ನೋಡಿದ. ಪರದೆ ಬಳೆಯೇ.

ಅವನ ಮುಖ ನೋಡಿ ಮಾವಿಸ್‌ಗೆ ಅಯ್ಯೋ ಅನಿಸಿತು. "ಹೋಗ್ಲಿ ಬಿಡಿ, ಅಳ್ಬೇಡಿ. ಚಿನ್ನದ ದನಿ ಕೇಳ್ಬೇಕು ಅಷ್ಟೇ ತಾನೇ? ಬಾಯಿಬಿಟ್ಟು ಕೇಳಿದ್ರೆ ನಾನು ಬೇಡ ಅಂತಿದ್ನಾ?" ಎಂದು ಮೆಷಿನ್‌ನ ಗುಂಡಿ ತಾನೇ ಒತ್ತಿ, ಅದರ ಮುಂದೆ ಉಂಗುರದ ಕೈ ಹಿಡಿದಳು.

ಸಣ್ಣ ದನಿ ಬಂತು. ಅಂಕಿ, ನಲವತ್ತೆಂಟು.

ನೆವಿಲ್ ಅಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅಳತೊಡಗಿದ. ಒಳಗಿನಿಂದ ಅತ್ತೆ ಇಣುಕಿ ನೋಡಿದರು.

"ಪಾಪ, ಎಷ್ಟು ಪ್ರೀತಿ ನೋಡೇ ಅಳಿಯಂದ್ರಿಗೆ! ಮೂವತ್ತು ವರ್ಷ ಆದ್ರೂ ಉಂಗುರ ನೋಡಿದ್ರೆ ಕಣ್ಣಲ್ಲಿ ನೀರು!"