ಕನಸಿನ ಕೋಣಕ್ಕೆ ಚಹಾ ಕೊಡುವ ಬಗ್ಗೆ

ಸಂಖ್ಯೆ: ನಿದ್ರೆ/ಆಳಂದ-ಅಫಜಲಪುರ-ಜೇವರ್ಗಿ/ಗೊರಕೆ/೭

ಸುತ್ತೋಲೆ

ವಿಷಯ: ಸಿಬ್ಬಂದಿಯು ದುಃಸ್ವಪ್ನಗಳನ್ನು ಸ್ವಂತ ಹಂತದಲ್ಲಿಯೇ ವಿಲೇವಾರಿ ಮಾಡುವ ಕುರಿತು.

ಉಲ್ಲೇಖ: ಶ್ರೀ ಗುರುಶಾಂತ, ದ್ವಿತೀಯ ದರ್ಜೆ ಸಹಾಯಕರು, ನಿಂಬರ್ಗಾ, ಇವರ ಕಿರುಚಾಟದ ಬಗ್ಗೆ ಓಣಿಯವರ ಮೌಖಿಕ ದೂರು.

ಪ್ರಸ್ತಾವನೆ: ಸದರಿ ಗುರುಶಾಂತ ಇವರನ್ನು ಕನಸಿನಲ್ಲಿ ಕೋಣವೊಂದು ತೊಗರಿ ಹೊಲದ ತುಂಬ ಅಟ್ಟಾಡಿಸಿ, "ನನ್ನ ಅರ್ಜಿ ಏನಾತಲೇ?" ಎಂದು ಕೇಳುತ್ತಿತ್ತು. ಪಾಪ, ಅವರು ಜೀವ ಕೈಯಲ್ಲಿ ಹಿಡಿದು ಓಡುತ್ತ, ಓಣಿಯೇ ಎದ್ದು ಕೂಡುವಂತೆ ಕಿರುಚುತ್ತಿದ್ದರು. ಪತ್ನಿ ಭಾಗ್ಯಜ್ಯೋತಿ ಇವರು "ನಿಮ್ಮ ಕ್ವಾಣ ಹ್ವಾದ ಮ್ಯಾಲ ಹೇಳ್ರಿ, ಬರ್ತೇನಿ" ಎಂದು ಗೊಬ್ಬೂರಿನ ತವರಿಗೆ ತೆರಳಿದರು. ಅವರಿಲ್ಲದ ಮನೆ ಬಿಕೋ ಎನ್ನುತ್ತಿತ್ತೆಂದು ಗುರುಶಾಂತ ಇವರು ಕಣ್ಣೀರಿನೊಂದಿಗೆ ನಿವೇದಿಸಿರುತ್ತಾರೆ. ಆದ್ದರಿಂದ:

೧. ಮಲಗುವ ಮುನ್ನ ಮಿರ್ಚಿ ಭಜಿ ಹಾಗೂ ಕಚೇರಿಯ ವಾಟ್ಸಾಪ್ ಗುಂಪು, ಎರಡನ್ನೂ ವರ್ಜಿಸತಕ್ಕದ್ದು. ಕಾಲು ತೊಳೆದು, ಬಿಸಿ ಹಾಲು ಕುಡಿದು, ನಿಧಾನವಾಗಿ ಉಸಿರಾಡತಕ್ಕದ್ದು. ಉಸಿರಾಟಕ್ಕೆ ಪೂರ್ವಾನುಮತಿ ಅಗತ್ಯವಿಲ್ಲ.

೨. ಕನಸಿನೊಳಗಿದ್ದೇ ಇದು ಕನಸೆಂದು ಖಚಿತಪಡಿಸಿಕೊಳ್ಳಲು ಯಾವುದಾದರೂ ಬರಹವನ್ನು ಎರಡು ಸಲ ಓದತಕ್ಕದ್ದು; ಬದಲಾಗಿದ್ದರೆ ಕನಸು. ಇಲಾಖೆಯ ಆದೇಶಗಳು ಎಚ್ಚರದಲ್ಲಿಯೂ ಬದಲಾಗುವುದರಿಂದ ಅವುಗಳನ್ನು ಈ ಪರೀಕ್ಷೆಗೆ ಬಳಸುವಂತಿಲ್ಲ.

೩. ಖಚಿತವಾದೊಡನೆ ಓಟ ನಿಲ್ಲಿಸಿ, ತಿರುಗಿ ನಿಂತು, ನಮ್ಮ ಕಡೆಯ ಪದ್ಧತಿಯಂತೆ "ಬರ್ರಿ, ಕೂಡ್ರಿ, ಚಾ ಕುಡೀರಿ" ಎನ್ನತಕ್ಕದ್ದು. ಚಹಾ ಮುಂದಿಟ್ಟ ಮೇಲೆ ಕೋಣವು ಹಾಯುವುದಿಲ್ಲವೆಂದು ಗುರುಶಾಂತ ಇವರ ಪ್ರಕರಣದಲ್ಲಿ ದೃಢಪಟ್ಟಿದೆ. ಅದು ಕಪ್ಪಿನಿಂದ ಬಸಿಗೆ ಸುರಿದು, ಊದಿ ಊದಿ ಕುಡಿದಿರುತ್ತದೆ.

೪. ಆದರೆ ಚಹಾ ಕುಡಿದ ಕೋಣಕ್ಕೆ ಸದರಿಯವರು ಕಚೇರಿಯ ರೂಢಿಯಂತೆ "ನನ್ ಕೈಯಾಗ ಏನಿಲ್ರಿ, ಸಾಹೇಬ್ರನ್ನ ಕೇಳ್ರಿ" ಎಂದು ಹೇಳಿ ಕಳುಹಿಸಿರುವುದು ಅತ್ಯಂತ ಗಂಭೀರ ಲೋಪವಾಗಿದೆ. ಅಂದಿನಿಂದ ಅವರು ಹಾಯಾಗಿ ಗೊರಕೆ ಹೊಡೆಯುತ್ತಿದ್ದಾರೆ. ಭಾಗ್ಯಜ್ಯೋತಿ ಇವರು ಮರಳಿ ಬಂದಿದ್ದು, ಮನೆಯಿಂದ ನಗು ಕೇಳಿಬರುತ್ತಿದೆ. ಕೋಣವು ಈ ಕೆಳಗೆ ಸಹಿ ಮಾಡಿದವರ ಕನಸಿಗೆ ತಪ್ಪದೇ ಹಾಜರಾಗುತ್ತಿದ್ದು, ಚಹಾ ಕೊಟ್ಟರೆ "ನಂದು ಚಾ ಆಗ್ಯದ. ಅರ್ಜಿ ಏನಾತು?" ಎನ್ನುತ್ತದೆ.

೫. ಇನ್ನು ಮುಂದೆ ಯಾವುದೇ ದುಃಸ್ವಪ್ನವನ್ನು ಮೇಲಧಿಕಾರಿಗೆ ರವಾನಿಸಕೂಡದೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ. ಕೋಣದ ಅರ್ಜಿ ಯಾರ ಮೇಜಿನಲ್ಲಿದ್ದರೂ ಕೂಡಲೇ ಹುಡುಕಿ ಮಂಡಿಸತಕ್ಕದ್ದು.

ಸಹಿ/-
ಸಹಾಯಕ ನಿರ್ದೇಶಕರು
(ನಿದ್ದೆಗೆಟ್ಟು ಸಹಿ ಮಾಡಲಾಗಿದೆ)

ಪ್ರತಿ:
೧. ಮೂರೂ ತಾಲ್ಲೂಕುಗಳ ಸಿಬ್ಬಂದಿ: ಪಾಲನೆಗಾಗಿ.
೨. ಶ್ರೀ ಗುರುಶಾಂತ: ಎದ್ದ ಮೇಲೆ ಓದಿಕೊಳ್ಳಲು.
೩. ಕೋಣ: ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಮಾಹಿತಿಗಾಗಿ.
೪. ಶ್ರೀಮತಿ ಮಧುಮತಿ, ಸಹಿ ಮಾಡಿದವರ ಪತ್ನಿ, ಸದ್ಯ ತವರುಮನೆ, ಸರಸಂಬಾ: ದಯವಿಟ್ಟು ಬಾ ಎಂಬ ಕೋರಿಕೆಯೊಂದಿಗೆ.