ಮಿತಭಾಷೆಗೆ ನಲವತ್ತರ ತೂಕ

ಕಲ್ಲೇಶಪ್ಪನಿಗೆ ಹೊಟ್ಟೆಕಿಚ್ಚು. ಹಾಗಂತ ಅರಸೀಕೆರೆಯ ಉಳಿದ ಕೊಬ್ಬರಿ ಮಂಡಿಯವರ ಲಾರಿ, ಗೋದಾಮು ಕಂಡು ಅವನು ಉರಿದವನಲ್ಲ. ಅಷ್ಟು ದೊಡ್ಡ ಮನಸ್ಸು ಅವನದು. ಉರಿಯನ್ನೆಲ್ಲ ಪೋಲು ಮಾಡದೆ ಒಬ್ಬನಿಗೇ ಮೀಸಲಿಟ್ಟಿದ್ದ. ಆ ಭಾಗ್ಯವಂತ ಅವನ ಷಡ್ಡಕ ಗಂಗಾಧರಪ್ಪ, ಅಂದರೆ ಹೆಂಡತಿ ಸುಮಿತ್ರಮ್ಮನ ಅಕ್ಕನ ಗಂಡ.

ಗಂಗಾಧರಪ್ಪ ಜಾವಗಲ್ಲಿನ ತೋಟದವನು. ವಾರಕ್ಕೊಂದು ಸಲ ಟೆಂಪೋದಲ್ಲಿ ಕಾಯಿ ತಂದು ಕಲ್ಲೇಶಪ್ಪನ ಮಂಡಿಗೆ ಇಳಿಸಿ, ಹಿಂದುಗಡೆಯೇ ಇದ್ದ ಮನೆಯ ಜಗಲಿಯಲ್ಲಿ ನಿಂತುಕೊಂಡೇ ಒಂದು ಲೋಟ ಕಾಫಿ ಕುಡಿದು ಹೊರಟುಬಿಡುತ್ತಿದ್ದ. ಒಳಗೆ ಬನ್ನಿ ಅಂತ ಎಷ್ಟು ಕರೆದರೂ ಹೊಸ್ತಿಲು ದಾಟುತ್ತಿರಲಿಲ್ಲ. ಬರೀ ಒಂದು ಲೋಟ ಕಾಫಿ ನಿಜ, ಆದರೆ ಅದಕ್ಕೆ ಅವನು ಸುರಿಯುತ್ತಿದ್ದ ಹೊಗಳಿಕೆ ಒಂದು ಹಂಡೆ.

"ಸುಮಿತ್ರಾ, ನಿನ್ನ ಕೈ ಕಾಫಿ ಕುಡಿದು ಟೆಂಪೋ ಹತ್ತಿದ್ರೆ ಮನೆ ಮುಟ್ಟೋ ತನಕ ನಾಲಿಗೆ ಮ್ಯಾಲೇ ಇರ್ತೈತೆ ನೋಡವ್ವ."

ಇಷ್ಟು ವರ್ಷದ ಸಂಸಾರದಲ್ಲಿ ಕಲ್ಲೇಶಪ್ಪ ಅದೇ ಕಾಫಿಯ ಬಗ್ಗೆ ಆಡಿದ್ದು ಎರಡೇ ಮಾತು. ಒಂದು, ಬಿಸಿ ಇಲ್ಲ. ಇನ್ನೊಂದು, ಸಕ್ಕರೆ ಇಲ್ಲ.

ಟೆಂಪೋ ಹೋದ ಮೇಲೆ ಸುಮಿತ್ರಮ್ಮನ ಭಾವಪುರಾಣ ಶುರುವಾಗುತ್ತಿತ್ತು. ಭಾವ ಎಷ್ಟು ಬುದ್ಧಿವಂತರು, ಭಾವ ಎಷ್ಟು ಸಮಾಧಾನದವರು, ಭಾವನ ತಲೆಯಲ್ಲಿ ಇನ್ನೂ ಒಂದು ಕೂದಲೂ ಉದುರಿಲ್ಲ. (ಈ ಕೊನೆಯದು ತನ್ನ ಬೋಳುತಲೆಗೇ ಹೇಳಿದ್ದು ಅಂತ ಕಲ್ಲೇಶಪ್ಪನ ಗುಮಾನಿ. ಗುಮಾನಿ ಏನು ಬಂತು, ನಿಜವೇ.) ಹೆಂಡತಿಯ ಬಾಯಿಂದ ತನಗೂ ಒಂದು ಒಳ್ಳೆ ಮಾತು ಬೀಳಲಿ ಅಂತ ಅವನು ಚಾತಕಪಕ್ಷಿಯ ಹಾಗೆ ಕಾದಿದ್ದ. ಈ ಷಡ್ಡಕ ಜಗಲಿ ಹತ್ತುತ್ತಿರುವ ತನಕ ಅದು ಬೀಳುವುದಿಲ್ಲ ಅನ್ನುವುದು ಖಾತ್ರಿಯಾಗಿತ್ತು.

ಆಗಲೇ, ತೊಂಬತ್ತೊಂಬತ್ತನೇ ಇಸವಿಯಲ್ಲಿ, ಹಾಸನದಲ್ಲಿ ವರ್ತಕರಿಗೊಂದು ತರಬೇತಿ ನಡೆಯಿತು. ಟೈ ಕಟ್ಟಿದ ಮೇಷ್ಟ್ರೊಬ್ಬರು ಹೇಳಿದರು: ಸರಕು ಯಾರಿಂದ ಕೊಳ್ಳಬೇಕು ಅನ್ನುವುದನ್ನು ಮುಖ ನೋಡಿ, ದಾಕ್ಷಿಣ್ಯ ನೋಡಿ ತೀರ್ಮಾನಿಸಬೇಡಿ. ದರ, ಗುಣಮಟ್ಟ, ಹೇಳಿದ ದಿನಕ್ಕೆ ಬರುವುದು, ಒಂದೊಂದಕ್ಕೂ ಎಷ್ಟು ಮಹತ್ವ ಅಂತ ಮೊದಲು ತೂಕ ಕೊಡಿ. ಆಮೇಲೆ ಪ್ರತಿಯೊಬ್ಬನಿಗೂ ಅಂಕ ಹಾಕಿ, ತೂಕದಿಂದ ಗುಣಿಸಿ, ಕೂಡಿ. ಯಾರಿಗೆ ಹೆಚ್ಚು ಬಂತೋ ಅವನೇ ಸರಿ. ಉಳಿದವರೆಲ್ಲ ಊಟದ ಕಡೆ ನೋಡುತ್ತಿದ್ದಾಗ ಕಲ್ಲೇಶಪ್ಪನಿಗೆ ಮಾತ್ರ ಮೈ ಜುಮ್ಮೆಂದಿತು. ಷಡ್ಡಕನನ್ನು ತಾನು ಓಡಿಸುವ ಹಾಗಿಲ್ಲ, ಲೆಕ್ಕ ಓಡಿಸಿದರೆ ಯಾರೇನು ಮಾಡಲಾದೀತು?

"ಇದಕ್ಕೆ ಬಹುಮಾನದಂಡ ನಿರ್ಣಯ ಪದ್ಧತಿ ಅಂತಾರೆ ಕಣೇ," ಎಂದ, ಮನೆಗೆ ಬಂದವನೇ.

"ಬಹುಮಾನವೂ ದಂಡವೂ ಒಟ್ಟಿಗೇನಾ?" ಎಂದಳು ಸುಮಿತ್ರಮ್ಮ.

ಅವಳಿಗೆಲ್ಲಿ ತಿಳಿಯಬೇಕು ಅಂದುಕೊಂಡು ಸ್ಲೇಟು ಹಿಡಿದು ಕೂತ. ಒಂದು ಕಡೆ ಗಂಗಾಧರಪ್ಪ. ಇನ್ನೊಂದು ಕಡೆ ಮಾದಿಹಳ್ಳಿಯ ಹುಚ್ಚಣ್ಣ, ಕಾಯಿ ಸುಮಾರು, ಬರುವ ದಿನ ಶಿವನಿಗೇ ಗೊತ್ತು. ಅಂಕ ಹಾಕಿ ಕೂಡಿದರೆ ಗಂಗಾಧರಪ್ಪ ಗೆದ್ದ. ಗುಣಮಟ್ಟದ ತೂಕ ಇಳಿಸಿದ. ಆಗಲೂ ಅವನೇ. ದರದ ತೂಕ ಏರಿಸಿದ. ಹಾಳಾದವನು ಕಾಯನ್ನು ಅಗ್ಗಕ್ಕೂ ಕೊಡುತ್ತಿದ್ದ. ಕೊನೆಗೆ ಕಲ್ಲೇಶಪ್ಪ ಮಿತಭಾಷೆ ಅಂತ ಹೊಸದೊಂದು ಕಲಮು ಸೇರಿಸಿ, ನೂರರಲ್ಲಿ ನಲವತ್ತರ ತೂಕ ಅದಕ್ಕೇ ಕೊಟ್ಟ.

"ತೆಂಗಿನಕಾಯಿಗೂ ಮಾತಿಗೂ ಏನ್ರೀ ಸಂಬಂಧ?"

"ಮಾತು ಜಾಸ್ತಿಯಾದ್ರೆ ಮಂಡಿ ಟೈಮು ಹಾಳು. ಇದು ಶಾಸ್ತ್ರ ಕಣೇ, ಸುಮ್ನಿರು."

ಹುಚ್ಚಣ್ಣ ಊಂ, ಊಹೂಂ ಬಿಟ್ಟು ಮೂರನೆಯದು ಆಡಿದವನಲ್ಲ. ಅವನಿಗೆ ಪೂರ್ತಿ ಅಂಕ, ಗಂಗಾಧರಪ್ಪನಿಗೆ ಸೊನ್ನೆ. ಅಂತೂ ಶಾಸ್ತ್ರ ದಾರಿಗೆ ಬಂತು.

ಆ ವಾರ ಗಂಗಾಧರಪ್ಪ ಕಾಯಿ ಇಳಿಸಿ ಜಗಲಿಗೆ ಬಂದಾಗ ಕಲ್ಲೇಶಪ್ಪ ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡ. "ಅಣ್ಣಾ, ನನ್ನ ಕೈಲಿ ಏನೂ ಇಲ್ಲ, ಲೆಕ್ಕ ಹೀಗೆ ಹೇಳ್ತಿದೆ. ಇನ್ಮೇಲೆ ಕಾಯಿ ಹುಚ್ಚಣ್ಣನದು." ಒಳಗೊಳಗೇ ಕೋಡುಬಳೆ ತಿಂದಷ್ಟು ಖುಷಿ. ಸುಮಿತ್ರಮ್ಮ ಬಾಗಿಲಲ್ಲಿ ಕಾಫಿ ಹಿಡಿದು ನಿಂತವಳು ನಿಂತೇ ಇದ್ದಳು.

ಗಂಗಾಧರಪ್ಪ ಸಿಟ್ಟಾಗಲಿಲ್ಲ. ಕಲ್ಲೇಶಪ್ಪನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು.

"ನೀನು ಇವತ್ತು ನನ್ನ ಕಟ್ಟು ಬಿಚ್ಚಿದೆ ಕಣಯ್ಯ. ನಮ್ಮಪ್ಪ ಒಂದು ಮಾತು ಹೇಳಿದ್ದ, ಯಾಪಾರ ಮಾಡೋ ಮನೇಲಿ ಊಟಕ್ಕೆ ಎಲೆ ಹಾಕಿಸ್ಕೋಬ್ಯಾಡ, ರಾತ್ರಿ ಉಳೀಬ್ಯಾಡ, ತಕ್ಕಡಿ ಒಂದು ಕಡೆ ವಾಲ್ತೈತೆ ಅಂತ. ಅದಕ್ಕೇ ನಾದಿನಿ ಮನೆಗೆ ಬಂದ್ರೂ ಜಗಲೀಲೇ ನಿಂತು ಹೋಗ್ತಿದ್ದೆ. ಇವತ್ತಿಂದ ನಾವು ಬರೀ ನೆಂಟರು."

ಅಂದವನೇ ಚಪ್ಪಲಿ ಬಿಟ್ಟು ಒಳಗೆ ನಡೆದ. ಕಲ್ಲೇಶಪ್ಪ ಜಗಲಿಯಲ್ಲೇ ಉಳಿದ.

ಆ ರಾತ್ರಿ ಗಂಗಾಧರಪ್ಪ ಉಳಿದ. ಮುಂದಿನ ವಾರ ಬಟ್ಟೆಚೀಲದೊಂದಿಗೆ ಬಂದ. ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ನಾದಿನಿಯ ಜೊತೆ ಬೆಳ್ಳುಳ್ಳಿ ಸುಲಿದ. ಈಗ ಹೊಗಳಿಕೆ ಕಾಫಿಗೆ ಮಾತ್ರವಲ್ಲ, ಸಾರಿಗೆ, ಪಲ್ಯಕ್ಕೆ, ಕೊನೆಗೆ ನೆಲ ಒರೆಸಿದ್ದಕ್ಕೂ ಬೀಳುತ್ತಿತ್ತು. ಅತ್ತ ಮಂಡಿಗೆ ಹುಚ್ಚಣ್ಣನ ಕಾಯಿ ಬಂದಿಲ್ಲ. ಯಾಕೆ ಬಂದಿಲ್ಲ ಅಂತ ಹೇಳಿಕಳಿಸುವ ಅಭ್ಯಾಸವೂ ಅವನಿಗಿಲ್ಲ.

ಕಲ್ಲೇಶಪ್ಪ ತಡೆಯಲಾರದೆ ಊಟದ ಹೊತ್ತಿಗೆ ಗೋಗರೆದ. "ಅಣ್ಣಾ, ಲೆಕ್ಕದಲ್ಲಿ ಏನೋ ಎಡವಟ್ಟಾಗಿತ್ತು. ನೀವೇ ಕಾಯಿ ಹಾಕಿ. ದರ ನೀವು ಹೇಳಿದ್ದು."

"ಬ್ಯಾಡ ಕಣಯ್ಯ. ತಿಪಟೂರಿನೋರು ತೋಟಕ್ಕೇ ಬಂದು ತುಂಬ್ಕಂಡು ಹೋಗ್ತಾವ್ರೆ, ನಂಗೂ ಬಿಡುವು. ಶ್ರಾವಣ ಪೂರ್ತಿ ಇಲ್ಲೇ ಇದ್ಬಿಡನ ಅಂತ ಸಾವಿತ್ರೀನೂ ಕರ್ಕಂಡು ಬತ್ತೀನಿ. ಯಾಪಾರಕ್ಕೋಸ್ಕರ ಈ ಊಟ ಬಿಡಕ್ಕಾಯ್ತದಾ?"

ಅಕ್ಕ ಬರುತ್ತಾಳೆ ಅಂದದ್ದೇ ತಡ, ಸುಮಿತ್ರಮ್ಮನ ಮುಖ ಅರಳಿತು. ಹೋಳಿಗೆಯ ತಟ್ಟೆ ಹಿಡಿದು ಬಂದವಳು, ಭಾವನನ್ನು ದಾಟಿ ಮೊದಲು ಗಂಡನ ಎಲೆಗೇ ಬಡಿಸಿ, ಮದುವೆಯಾದಂದಿನಿಂದ ಅವನು ಕಾದಿದ್ದ ಮಾತನ್ನು ಭಾವನೆದುರೇ ಆಡಿದಳು.

"ಏನೇ ಹೇಳಿ, ನಮ್ಮನೆಯವರಷ್ಟು ಬುದ್ಧಿವಂತರು ಯಾರೂ ಇಲ್ಲ. ಭಾವನ್ನ ಮನೆಯೊಳಗೆ ಕರೆಸಬೇಕು ಅಂತ ಎಂಥಾ ಉಪಾಯ ಮಾಡಿದ್ರು ನೋಡಿ."