ಖಾಲಿ ಹೋಗದ ಡಬ್ಬಿ

"ಬಟನ್ ಒತ್ತೂದಷ್ಟ ತಡ ನೋಡ್ರಿ ಸಾಹೇಬ್ರ, ಸಿರ್ವಾನ್ ದ್ವೀಪದ ಅಣುಬಾಂಬಿನ ಗುಂಡು ಬಂದು ನಮ್ಮ ಹಿತ್ತಲದಾಗ ಕುಂದರತೈತಿ!"

ಗದಗಿನ ಫಕೀರಪ್ಪ ಮಾಸ್ತರು ಹೀಗೆಂದು ತಮ್ಮ ಸೆಳೆಯಂತ್ರದ ಬೆನ್ನು ತಟ್ಟಿದರು. ಅದು ಕೆಮ್ಮಿತು. ಹಿಟ್ಟಿನ ಗಿರಣಿಯ ಹಳೆಯ ಮೋಟಾರು, ಎರಡು ಡಿಶ್ ಆಂಟೆನಾ, ಹೆಂಡತಿಯ ಜೋಳದ ಪೀಪಾಯಿ ಸೇರಿ ಹುಟ್ಟಿದ ಯಂತ್ರ ಇನ್ನು ಹೇಗೆ ಮಾತಾಡೀತು? ಹೋದ ವರ್ಷ ಇದೇ ಮಾಸ್ತರು ಸೊಳ್ಳೆ ಹಿಡಿಯುವ ಯಂತ್ರ ಮಾಡಿ ಓಣಿಯ ಕೋಳಿಗಳ ಪುಕ್ಕವನ್ನೆಲ್ಲ ಹಿಡಿದಿದ್ದರು. ಆದರೂ ಕರ್ನಲ್ ಮಂದಪ್ಪ ದಿಲ್ಲಿಯಿಂದ ಓಡಿ ಬಂದಿದ್ದರು.

"ಇದು ಕೈಕೊಟ್ಟರೆ ಸೋಮವಾರ ನಮ್ಮ ಬಾಂಬರ್ ವಿಮಾನಗಳು ಹೊರಡುತ್ತವೆ," ಎಂದರು ಕರ್ನಲ್.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಮಾಸ್ತರ ಹೆಂಡತಿ ಈರವ್ವ ಇದನ್ನು ಕೇಳಿ ಹೊಸ್ತಿಲು ದಾಟಿ ಬಂದಳು. ಅವಳ ತಂಗಿ ಕಸ್ತೂರಿ ಅದೇ ದ್ವೀಪದ ಆಸ್ಪತ್ರೆಯಲ್ಲಿ ನರ್ಸ್. ಎರಡೂ ದೇಶಗಳು ಬಾಂಬು ತೋರಿಸಿಕೊಂಡು ಮುಖ ತಿರುಗಿಸಿದ ಮೇಲೆ ಹಡಗಿಲ್ಲ, ಫೋನಿಲ್ಲ, ಇದ್ದಾಳೋ ಇಲ್ಲವೋ ಎಂಬ ಸುದ್ದಿಯೂ ಇಲ್ಲ. ಕಸ್ತೂರಿ ಒಲೆಯ ಮೇಲೆ ಶೇಂಗಾ ಹುರಿಯಲಿಟ್ಟು ಪಕ್ಕದ ಮನೆಗೆ ಹರಟೆಗೆ ಹೋಗುವವಳು. ಒಂದು ಸಲವೂ ಸೀಯಿಸದೆ ಹುರಿದವಳಲ್ಲ. ಆಗ ಬಯ್ಯುತ್ತಿದ್ದ ಈರವ್ವನಿಗೆ ಈಗ ಆ ಸೀದ ವಾಸನೆ ನೆನಪಾದರೆ ಸಾಕು, ಉಣ್ಣುವ ತಾಟು ಬಿಟ್ಟು ಎದ್ದುಬಿಡುತ್ತಿದ್ದಳು.

"ಕುಂತು ಮಾತಾಡಾಕ ಏನಾಗೈತ್ರಿ ನಿಮಗ?" ಎಂದು ಕೇಳಿಯೇಬಿಟ್ಟಳು.

"ಅವರು ಮಾತಿಗೆ ಬರುವುದಿಲ್ಲಮ್ಮ."

"ನೀವು ಕರದ ನೋಡೀರೇನ್ರಿ?"

ಕರ್ನಲ್ ಮಾಸ್ತರತ್ತ ತಿರುಗಿ, ಶುರುಮಾಡಿ ಎಂದು ಸನ್ನೆ ಮಾಡಿದರು.

ಮಾಸ್ತರು ಬಟನ್ ಒತ್ತಿದರು. ಓಣಿಯ ಕರೆಂಟು ಹೋಯಿತು. ಧಡ್! ಎಲ್ಲರೂ ನೀರಿನ ಟ್ಯಾಂಕಿನ ಹಿಂದೆ ಅವಿತರು. ಹೊಗೆ ಸರಿದಾಗ ಅಲ್ಲಿದ್ದದ್ದು ಖರ್ಜೂರ ತುಂಬಿದ ಒಂದು ಸ್ಟೀಲ್ ಡಬ್ಬಿ.

ಯಂತ್ರದ ತಪ್ಪೇನೂ ಇರಲಿಲ್ಲ. ಬಾಂಬು ದುಂಡಗಿದೆ, ಸ್ಟೀಲಿನದು, ಮುಚ್ಚಳ ಬಿಗಿ ಎಂದು ಮಾಸ್ತರು ಅದಕ್ಕೆ ಗುರುತು ಹೇಳಿದ್ದಕ್ಕೆ ಅದು ದ್ವೀಪದ ಸೈನ್ಯದ ಅಡುಗೆಮನೆಗೆ ಕೈಹಾಕಿತ್ತು. ಎರಡನೆಯ ಸಲ ಅರ್ಧ ಬೆಂದ ಅನ್ನದ ಕುಕ್ಕರು ಬಂದು ಹಿತ್ತಲಲ್ಲೇ ಸೀಟಿ ಹೊಡೆಯಿತು. ಮೂರನೆಯ ಸಲ ಯಾವನೋ ಸೇನಾಧಿಕಾರಿಯ ಕ್ಷೌರದ ಬಟ್ಟಲು, ನೊರೆಯ ಸಮೇತ.

"ಸೋಮವಾರವೇ ಗಟ್ಟಿ," ಎಂದು ಕರ್ನಲ್ ಟೋಪಿ ಹಾಕಿಕೊಂಡರು.

ಅಷ್ಟರಲ್ಲಿ ಈರವ್ವ ಖರ್ಜೂರ ತೆಗೆದಿಟ್ಟು, ಡಬ್ಬಿ ತೊಳೆದು, ಶೇಂಗಾ ಉಂಡಿ ತುಂಬಿ ಯಂತ್ರದೊಳಗಿಟ್ಟಿದ್ದಳು.

"ಏನ್ ಮಾಡಾಕತ್ತೀ?" ಮಾಸ್ತರು ಹೌಹಾರಿದರು.

"ಮಂದಿ ಡಬ್ಬಿ ಯಾರರ ಖಾಲಿ ಕಳಸ್ತಾರೇನು?" ಎಂದವಳೇ, ಸೆಳೆದದ್ದನ್ನು ಬಂದಲ್ಲಿಗೇ ವಾಪಸು ಕಳಿಸುವ ಉಲ್ಟಾ ಬಟನ್ ಒತ್ತಿದಳು.

ದ್ವೀಪದಲ್ಲಿ ಸೈರನ್ ಕೂಗಿತು. ಗುರುತಿಲ್ಲದ ದುಂಡನೆಯ ವಸ್ತುಗಳು ಬಿದ್ದಿವೆಯೆಂದು ಅವರ ರೇಡಿಯೋ ಅರಚಿತು. ಕರ್ನಲ್ ತಲೆ ಮೇಲೆ ಕೈಹೊತ್ತು ಕೂತರು. ಭಾನುವಾರ ಸಂಜೆ ಈರವ್ವ ಮಾಸ್ತರಿಂದ ಮತ್ತೆ ಸೆಳೆಯುವ ಬಟನ್ ಒತ್ತಿಸಿದಳು. ಧಡ್! ಅದೇ ಡಬ್ಬಿ. ಕರ್ನಲ್ ಬೋರಲು ಬಿದ್ದರು, ಈರವ್ವ ಮುಚ್ಚಳ ತೆಗೆದಳು.

ಶೇಂಗಾ ಚಟ್ನಿಪುಡಿ. ಕರ್ರಗೆ, ಘಮ್ಮನೆ ಸೀದದ್ದು.

ಈರವ್ವ ನೆಲದ ಮೇಲೆ ಕೂತು ಡಬ್ಬಿಯನ್ನು ಎದೆಗೊತ್ತಿಕೊಂಡು ಅತ್ತಳು. "ಅದಾಳ್ರಿ. ನನ್ನ ಕಸ್ತೂರಿ ಅದಾಳ."

ಕರ್ನಲ್ ಮೆಲ್ಲಗೆ ಎದ್ದು ಮಣ್ಣು ಝಾಡಿಸಿಕೊಂಡರು. ಉಂಡಿ ಏನೆಂದು ತಿಳಿಯದೆ ದ್ವೀಪದವರು ಈ ಕಡೆಯವಳೊಬ್ಬಳನ್ನು ಕರೆಸಿ ಕೇಳಿದ್ದಾರೆ, ಅವಳ ಮಾತು ನಂಬಿದ್ದಾರೆ. ಕೇಳುವ ಬುದ್ಧಿ ಇರುವವರ ಜೊತೆ ಮಾತಾಡಬಹುದೆಂದು ಕರ್ನಲ್ ದಿಲ್ಲಿಗೆ ಫೋನ್ ಮಾಡಿದರು. ವಿಮಾನಗಳು ಹೊರಡಲಿಲ್ಲ.

ಆಮೇಲೆ ನಡುಗಡಲಿನ ಹಡಗೊಂದರಲ್ಲಿ ದೊಡ್ಡವರು ಮಾತಿಗೆ ಕೂತರು. ಇತ್ತ ಡಬ್ಬಿ ಹೋಗುತ್ತ ಬರುತ್ತ ಇತ್ತು. ಒಂದು ದಿನ ಚಟ್ನಿಪುಡಿಯೊಳಗೆ ದ್ವೀಪದ ಬಾಂಬಿನ ಕೀಲಿಕೈ ಬಂತು.

"ಗೆದ್ದೆವು!" ಎಂದು ಕರ್ನಲ್ ಕುಣಿದರು.

"ಗೆದ್ದಿಲ್ರಿ. ಡಬ್ಬಿ ಖಾಲಿ ಹೋಗಬಾರದು. ನಿಮ್ಮ ಕೀಲಿಕೈ ಹಾಕ್ರಿ."

ದಿಲ್ಲಿ ಗೊಣಗಿತು, ಸಭೆ ಸೇರಿತು, ಮತ್ತೆ ಗೊಣಗಿತು. ಕೊನೆಗೆ ನಮ್ಮ ಕೀಲಿಕೈಯೂ ಉಂಡಿಗಳ ನಡುವೆ ಕೂತು ಹೋಯಿತು. ಡಬ್ಬಿ ಇನ್ನೊಂದು ಸಲ ಚಟ್ನಿಪುಡಿ ಹೊತ್ತು ಬಂತು. ಅದೇ ಕೊನೆಯದು, ಯಾಕೆಂದರೆ ಒಪ್ಪಂದದಲ್ಲಿ ಸೆಳೆಯಂತ್ರಕ್ಕೂ ಬೀಗವೆಂದು ಬರೆದಿತ್ತು. ಅಧಿಕಾರಿಗಳು ಬಂದು ಮೋಟಾರು ಬಿಚ್ಚಿದರು, ಅರಗಿನ ಮುದ್ರೆ ಒತ್ತಿದರು, ಡಬ್ಬಿಯನ್ನೂ ಕೇಳಿದರು.

"ತುಂಬಿದಾಕಿ ಬಂದು ಒಯ್ಯಲಿ," ಎಂದಳು ಈರವ್ವ.

ಕಡಲು ಶಾಂತವಾದ ಮೇಲೆ ಪ್ರಯಾಣಿಕರ ಹಡಗು ಬಿಡುತ್ತಾರಂತೆ. ಅಲ್ಲಿಯವರೆಗೆ ಈರವ್ವ ಡಬ್ಬಿಗೆ ವಾರವಾರ ಹೊಸ ಉಂಡಿ ತುಂಬುತ್ತಾಳೆ, ಹಳೆಯವು ಮಾಸ್ತರ ಪಾಲು. ಮೋಟಾರಿಲ್ಲದ ಯಂತ್ರ ಮಾತ್ರ ದಿನಾ ಸಂಜೆ ತಾನಾಗಿಯೇ ಒಮ್ಮೆ ಕೆಮ್ಮುತ್ತದೆ. ಹಿತ್ತಲ ತುಂಬ ಸೀದ ಶೇಂಗಾ ವಾಸನೆ ಹರಡುತ್ತದೆ. ಈರವ್ವ ಕೆಲಸ ಬಿಟ್ಟು ಬಂದು ಅದರ ಪಕ್ಕ ಕೂರುತ್ತಾಳೆ, ವಾಸನೆ ಆರುವವರೆಗೂ ಏಳುವುದಿಲ್ಲ.

ಮಾಸ್ತರು ಉಂಡಿ ಜಗಿಯುತ್ತ ಆಕಾಶ ನೋಡುತ್ತಾರೆ. "ಹಡಗ ಲಗೂನ ಬರಲಪ್ಪ. ಹೊಟ್ಟಿ ಮ್ಯಾಲ ನನ್ನ ಅಂಗಿ ಗುಂಡಿ ಹತ್ತವಲ್ವು."